ಕಮಲಾಪುರಕ್ಕೆ ಹೋದ ಹೊಗೆ ಭಟ್ಟಿ

೧೯೯೬ರ ಚಳಿಗಾಲ. ಕಲಬುರಗಿಯನ್ನು ಎಲ್ಲರೂ ಗುಲ್ಬರ್ಗಾ ಎಂದು ಬರೆಯುತ್ತಿದ್ದ ಕಾಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದ ನಾನು ಕೋಟನೂರಿನ ಹತ್ತಿರ ಒಂದು ಫ್ಯಾಬ್ರಿಕೇಷನ್ ಶೆಡ್ ನಡೆಸುತ್ತಿದ್ದೆ. ಕಬ್ಬಿಣದ ಪ್ಲೇಟು ಕತ್ತರಿಸಿ, ಬಾಗಿಸಿ, ವೆಲ್ಡಿಂಗ್ ಮಾಡಿ ಬೇಕಾದ ಆಕಾರಕ್ಕೆ ತರುವುದು ನಮ್ಮ ಕೆಲಸ. ಊರ ತುಂಬ ತೊಗರಿಯ ದಾಲ್ ಮಿಲ್ಲುಗಳು. ಅವುಗಳಿಗೆ ಕಾಳು ಮೇಲೆತ್ತುವ ಎಲಿವೇಟರ್, ಸುರಿಯುವ ಹಾಪರ್, ಒಣಗಿಸುವ ಡ್ರೈಯರ್ ಮಾಡಿಕೊಟ್ಟು ನನಗೆ ಸಾಕಷ್ಟು ಹೆಸರು ಬಂದಿತ್ತು. ಬೇಳೆಗೆ ಸಂಬಂಧಪಡದ ಯಾವ ಯಂತ್ರವನ್ನೂ ಆವರೆಗೆ ಮಾಡಿರಲಿಲ್ಲ.

ಆಗ ಬಂದವರು ಕಮಲಾಪುರದ ಮಾರುತಿರಾವ್. ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದ್ದ ದಪ್ಪ ಮೀಸೆಯ ಮನುಷ್ಯ. ಜೇಬಿನಿಂದ ಒಂದು ಫೋಟೋ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಅಮೆರಿಕದ ಯಾವುದೋ ಬಂದರಿನಲ್ಲಿ, ಮಲಗಿಸಿದ ಪೀಪಾಯಿಯಂಥ ಕರಿಯ ಯಂತ್ರವೊಂದರ ಪಕ್ಕ ಅವರು ನಗುತ್ತ ನಿಂತಿದ್ದರು.

"ಇದಕ್ಕ ಸ್ಮೋಕರ್ ಅಂತಾರ್ರಿ. ಮಾಂಸ ಬೇಯಿಸೋ ಭಟ್ಟಿ. ಬೆಂಕಿ ಈ ಮಗ್ಗಲದ ಡಬ್ಬಿಯೊಳಗ ಇರ್ತದ, ಮಾಂಸ ದೊಡ್ಡ ಡ್ರಮ್ಮಿನೊಳಗ. ಬೆಂಕಿ ಮಾಂಸಕ್ಕ ಮುಟ್ಟಬಾರ್ದು, ಹೊಗಿ ಅಷ್ಟೇ ಮುಟ್ಟಬೇಕು. ದಿನಾಪೂರ್ತಿ ಸಣ್ಣ ಕಾವಿನ್ಯಾಗ ಬೇಯ್ತದ."

ನಾನು ಹುಟ್ಟಾ ಶಾಕಾಹಾರಿ. ಅದನ್ನೇ ಹೇಳಿದೆ: "ರಾಯರ, ನಾ ಇದನ್ನ ತಿಂದಾವಲ್ಲ, ನೋಡಿದಾವಲ್ಲ. ಹ್ಯಾಂಗ ಮಾಡ್ಲಿ?"

"ಡ್ಯಾಮ್ ಕಟ್ಟೋ ಎಂಜಿನಿಯರ್‌ಗೋಳು ಎಲ್ಲಾರಿಗೂ ಈಸಾಕ ಬರ್ತದೇನ್ರಿ?" ಎಂದರು.

ಬೇಗ ಆಗಬೇಕು ಎಂದೂ ಸೇರಿಸಿದರು. ಅವರ ಅವಸರಕ್ಕೆ ಕಾರಣವಿತ್ತು. ಹಡಗಿನಲ್ಲಿ ಜೊತೆಗೆ ದುಡಿದ ಮೂವರು ಗೆಳೆಯರು ಸಂಕ್ರಾಂತಿ ಕಳೆದ ಮೊದಲ ಭಾನುವಾರ ಹೈದರಾಬಾದಿನಿಂದ ಬರುವವರಿದ್ದರು. ನಿವೃತ್ತನಾದ ಮೇಲೆ ನನ್ನ ಹಿತ್ತಲಲ್ಲಿ ನನ್ನದೇ ಸ್ಮೋಕರ್ ಇರುತ್ತದೆ ಎಂದು ರಾಯರು ಹಡಗಿನ ದಿನಗಳುದ್ದಕ್ಕೂ ಕೊಚ್ಚಿಕೊಂಡಿದ್ದರಂತೆ. ಗೆಳೆಯರು ಬರುತ್ತಿದ್ದುದು ಅದನ್ನು ಕಣ್ಣಾರೆ ನೋಡಲಿಕ್ಕೆ.

ಒಪ್ಪಿಕೊಂಡೆ. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಮಾತ್ರ "ಒಂದು ಹೊಸಾ ನಮೂನಿ ಡ್ರೈಯರ್" ಎಂದು ಹೇಳಿದೆ. ಎಂಟು ಮಿಲಿಮೀಟರ್ ಪ್ಲೇಟನ್ನು ಸುತ್ತಿ ಆರು ಅಡಿ ಉದ್ದ, ಎರಡೂವರೆ ಅಡಿ ವ್ಯಾಸದ ಡ್ರಮ್ ಮಾಡಿದೆವು. ದಪ್ಪ ಪ್ಲೇಟು ಯಾಕೆಂದರೆ ಅದು ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಮಗ್ಗುಲಿಗೆ ಬೆಂಕಿ ಹಾಕುವ ಫೈರ್‌ಬಾಕ್ಸ್, ಇನ್ನೊಂದು ಮಗ್ಗುಲಿಗೆ ಹೊಗೆ ಹೋಗುವ ಚಿಮಣಿ. ಅಳತೆಗಳನ್ನೆಲ್ಲ ಫೋಟೋ ನೋಡಿಯೇ ಅಂದಾಜು ಮಾಡಿದ್ದೆ. ಒಟ್ಟು ತೂಕ ಮುಕ್ಕಾಲು ಟನ್ನಿನ ಹತ್ತಿರ ಹೋಯಿತು. ಅಷ್ಟು ಭಾರವನ್ನು ಎತ್ತಿ ಸಾಗಿಸುವುದಕ್ಕಿಂತ ಎಳೆದೊಯ್ಯುವುದು ಸುಲಭ ಎಂದು ಕೆಳಗೆ ತಾತ್ಕಾಲಿಕವಾಗಿ ಎರಡು ಚಕ್ರದ ಆಕ್ಸಲ್ ಕೂಡಿಸಿ, ಮೈಗೆಲ್ಲ ಕಾವು ತಡೆಯುವ ಕಪ್ಪು ಬಣ್ಣ ಬಳಿದೆವು. ನಮ್ಮ ವೆಲ್ಡರ್ ಖಾಜಾಸಾಬ್ ಸುತ್ತು ಹಾಕಿ ನೋಡಿ, "ಸಾಬ್, ಇದಕ್ಕ ಎಲ್ಲೋ ನೋಡೀನಿ ಅನಸ್ತದ" ಎಂದ. ಎಲ್ಲಿ ಎಂಬುದು ಅವನಿಗೂ ನೆನಪಾಗಲಿಲ್ಲ, ನನಗೂ ಹೊಳೆಯಲಿಲ್ಲ.

ಗೆಳೆಯರು ಬರುವ ಭಾನುವಾರದ ಹಿಂದಿನ ಶುಕ್ರವಾರ ಬೆಳಿಗ್ಗೆ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೊರಟೆವು. ಮಹಾಗಾಂವದ ಕ್ರಾಸಿನಲ್ಲಿ ಬಸ್ಸು ಕಾಯುತ್ತಿದ್ದವರು ಎದ್ದು ನಿಂತು ನೋಡಿದರು. ಒಬ್ಬ ಕೈ ಮುಗಿದ. ನನಗೆ ವಿಚಿತ್ರವೆನಿಸಿತು, ನಾನೂ ಮುಗಿದೆ. ಅವರಲ್ಲಿ ಯಾರೋ ಟೆಂಪೊ ಹತ್ತಿ ನಮಗಿಂತ ಮುಂದೆ ಹೋಗಿರಬೇಕು. ನಾವು ಕಮಲಾಪುರದಲ್ಲಿ ರಾಯರ ಮನೆಯ ಓಣಿಗೆ ತಿರುಗುವಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ಓಣಿಯ ರಸ್ತೆ ರಸ್ತೆಯಾಗಿರಲಿಲ್ಲ. ತಗ್ಗಿನಿಂದ ತಗ್ಗಿಗೆ ಇಳಿಯುತ್ತ ಏರುತ್ತ ನಮ್ಮ ಟ್ರ್ಯಾಕ್ಟರ್ ಹಡಗಿನಂತೆ ಓಲಾಡುತ್ತಿತ್ತು.

ಗುಂಪಿನ ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ-ಧೋತರದಲ್ಲಿ ಪಂಚಾಯಿತಿ ಮೆಂಬರ್ ಸಿದ್ದಪ್ಪ ನಿಂತಿದ್ದ. ಟ್ರ್ಯಾಕ್ಟರ್ ನಿಲ್ಲಿಸಿ, ಡ್ರಮ್ಮಿಗೆ ಮಾಲೆ ಹಾಕಿ, ಫೈರ್‌ಬಾಕ್ಸಿಗೆ ಕುಂಕುಮ ಹಚ್ಚಿ, ಚಕ್ರದ ಮುಂದೆ ಕಾಯಿ ಒಡೆದ. ದಾಲ್ ಮಿಲ್ಲುಗಳಲ್ಲಿ ಯಾವ ಹೊಸ ಯಂತ್ರ ಬಂದರೂ ಪೂಜೆ ಮಾಡಿಯೇ ಇಳಿಸುತ್ತಾರೆ. ಇಲ್ಲಿಯೂ ಹಾಗೇ ಎಂದುಕೊಂಡು ನಾನು ಕೊಬ್ಬರಿ ತುಂಡು ತಿಂದೆ.

"ಯಾವಾಗ ಚಾಲೂ ಮಾಡ್ತೀರಿ ಸಾಹೇಬ್ರ?" ಸಿದ್ದಪ್ಪ ಕೇಳಿದ.

"ಇವತ್ತ ಕೂಡಸ್ತೀವಿ. ನಾಳಿ ಮುಂಜಾನಿ ಬೆಂಕಿ ಹಾಕ್ತೀವ್ರಿ."

ಅವನು ಜನರತ್ತ ತಿರುಗಿ ಹೇಳಿದ: "ಕೇಳಿದ್ರಿಲ್ಲೋ? ನಾಳಿ ಮುಂಜಾನಿ ಅಂತ. ನಾ ಬೆನ್ನ ಹತ್ತಿದ್ದಕ್ಕ ಬಂತಿದು." ಮತ್ತೆ ನನ್ನ ಕಡೆ ನೋಡಿ, "ಉದ್ದ ಎಷ್ಟ ಹಿಡದೀರಿ?"

"ಆರು ಫೂಟು."

"ಅದು ಅಗಲ ಇರಬೇಕು. ನಾ ಉದ್ದ ಕೇಳ್ದೆ."

"ಅಗಲ ಎರಡೂವರಿ ಫೂಟ್ರಿ. ಉದ್ದಾನೇ ಆರು. ಹಿತ್ತಲದಾಗ ಜಾಗ ಅಷ್ಟೇ ಅದ."

"ಯಾರ ಹಿತ್ತಲ?"

"ಮಾರುತಿರಾಯರ ಹಿತ್ತಲ."

ಆಗ ನನಗೂ ಹೊಳೆಯಿತು, ಖಾಜಾಸಾಬನಿಗೂ ಹೊಳೆಯಿತು. ಎರಡು ಚಕ್ರ, ಕರಿಯ ಡ್ರಮ್, ಮಗ್ಗುಲಿಗೆ ಬೆಂಕಿಯ ಡಬ್ಬಿ, ತುದಿಗೆ ಚಿಮಣಿ. ರಸ್ತೆ ಮಾಡುವವರು ಡಾಂಬರು ಕುದಿಸುವ ಭಟ್ಟಿ ಕೂಡ ಹೀಗೆಯೇ ಇರುತ್ತದೆ. ಓಣಿಗೆ ಕಡೆಗೂ ಡಾಂಬರು ಬಂತೆಂದು ಊರು ಸೇರಿತ್ತು.

ಅಷ್ಟರಲ್ಲಿ ರಾಯರು ಮನೆಯಿಂದ ಹೊರಗೆ ಬಂದು ಬಹಳ ಉತ್ಸಾಹದಿಂದ ಇದು ಮಾಂಸ ಬೇಯಿಸುವ ಯಂತ್ರವೆಂದು ವಿವರಿಸಿದರು. ಹಿಂದಿನಿಂದ ಯಾರೋ ಮುಸಿಮುಸಿ ನಕ್ಕರು. ಸಿದ್ದಪ್ಪ ಹಾಕಿದ ಮಾಲೆಯನ್ನು ತಾನೇ ಬಿಚ್ಚಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಅದನ್ನು ಬಗಲಲ್ಲಿಟ್ಟುಕೊಂಡು ಹೊರಟುಹೋದ. ಹಿಂದೆಯೇ ಗುಂಪೂ ಚದುರಿತು.

ಇದರಿಂದ ದೊಡ್ಡ ತೊಂದರೆಯಾಯಿತು. ರಾಯರ ಮನೆಯ ಗೇಟಿಗಿಂತ ಆಕ್ಸಲ್ಲೇ ಅಗಲವಿತ್ತು. ಚಕ್ರ ಬಿಚ್ಚಿ, ಕೆಳಗೆ ಪೈಪುಗಳನ್ನು ಹಾಸಿ ಉರುಳಿಸುತ್ತ ಹಿತ್ತಲಿಗೆ ಒಯ್ಯಬೇಕು. ಅದಕ್ಕೆ ಹತ್ತಾರು ಕೈ ಬೇಕು. ಇದ್ದವರು ನಾನು, ಖಾಜಾಸಾಬ್, ಟ್ರ್ಯಾಕ್ಟರಿನವನು ಮತ್ತು ಸೊಂಟ ನೋವಿನ ರಾಯರು. ಕರೆಯಲು ಹೋದಲ್ಲೆಲ್ಲ "ಹೊಲಕ್ಕ ಹೋಗ್ಯಾರ" ಎಂಬ ಉತ್ತರ. ರಾಯರು ಕಟ್ಟೆಯ ಮೇಲೆ ಕುಸಿದು ಕೂತರು. "ನನ್ನ ಗೆಳ್ಯಾರು ಬಂದು ಓಣಿಯೊಳಗ ನಿಂತ ಭಟ್ಟಿ ನೋಡ್ತಾರ. ಸಾಯೋತನಾ ನಗ್ತಾರ" ಎಂದರು.

ರಾಯರ ಹೆಂಡತಿ ಸುಲೋಚನಾಬಾಯಿ ಆವರೆಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಲೆಯ ಮೇಲೆ ಸೆರಗು ಹೊದ್ದು, ನನ್ನನ್ನೂ ಕರೆದುಕೊಂಡು ನೇರ ಸಿದ್ದಪ್ಪನ ಮನೆಗೆ ನಡೆದರು.

"ಅಣ್ಣಾ, ಕಾಯಿ ಒಡದಾವ್ರು ನೀವು. ಉದ್ಘಾಟನಾ ಅರ್ಧಕ್ಕ ಬಿಟ್ಟು ಬಂದ್ರ ಹ್ಯಾಂಗ? ನಾಳಿ ಬೆಂಕಿ ಹಚ್ಚಾವ್ರೂ ನೀವೇ."

"ಅಲ್ಲವಾ, ಮಂದಿ ನಗಲಾಕತ್ತಾರ."

"ನೀವು ಬರ್ಲಿಲ್ಲಂದ್ರ ನಕ್ಕೋತನೇ ಇರ್ತಾರ. ಬಂದು ಮುಂದ ನಿಂತ್ರ, ಮೆಂಬರ್ ಎಲ್ಲಾ ತಿಳದೇ ಕಾಯಿ ಒಡದಾರ ಅಂತಾರ."

ಸಿದ್ದಪ್ಪ ನನ್ನತ್ತ ತಿರುಗಿದ. "ಅದರಾಗ ಬರೇ ಮಾಂಸಾನೇ ಬೇಯ್ತದೇನು? ನಮ್ಮಂಥಾ ಮಾಂಸ ತಿನ್ನಲಾರದಾವ್ರದು ಏನರೆ?" ಎಂದು ಕೇಳಿದ.

"ಮೊದಲ ಟ್ರಯಲ್ ನಂದು. ಬದನಿಕಾಯಿ, ಬಟಾಟಿ, ಉಳ್ಳಾಗಡ್ಡಿ. ಮಾಂಸ ಆಮ್ಯಾಲೆ" ಎಂದೆ. ಆ ಕ್ಷಣದಲ್ಲಿ ಹೊಳೆದ ಮಾತು ಅದು. ಆದರೆ ಹೇಳಿದ ಮೇಲೆ ನನಗೇ ಸಮಾಧಾನವಾಯಿತು.

ಸಂಜೆಯೊಳಗೆ ಹೊಲಕ್ಕೆ ಹೋದವರೆಲ್ಲ ಮರಳಿ ಬಂದಿದ್ದರು. ಸಿದ್ದಪ್ಪನ "ಹೂಂ, ಜೋರ್ ಲಗಾವ್" ಎಂಬ ಕೂಗಿಗೆ ಪೈಪುಗಳ ಮೇಲೆ ಡ್ರಮ್ ಉರುಳಿ, ಹಿತ್ತಲಿನ ಕಾಂಕ್ರೀಟ್ ಕಟ್ಟೆಯ ಮೇಲೆ ಕೂತಿತು.

ಶನಿವಾರ ಬೆಳಿಗ್ಗೆ ಸಿದ್ದಪ್ಪ ಮತ್ತೊಂದು ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬೆಂಕಿ ಹಚ್ಚಿದ. ಹೊಗೆ ಡ್ರಮ್ಮಿನೊಳಕ್ಕೆ ಹೋಗಿ ಚಿಮಣಿಯಿಂದ ಹೊರಬರಬೇಕಿತ್ತು. ಹಾಗಾಗದೆ, ಫೈರ್‌ಬಾಕ್ಸಿನ ಬಾಗಿಲಿನಿಂದಲೇ ಹಿಂದಕ್ಕೆ ನುಗ್ಗಿ ಅವನನ್ನು ಪೂರಾ ಮುಚ್ಚಿಬಿಟ್ಟಿತು. ಹೊಗೆ ತಿಳಿಯಾದಾಗ ಅಂಗಿಯ ಬಣ್ಣ ಬದಲಾಗಿತ್ತು. ಪಕ್ಕದ ಮನೆಯವರು ಕೆಮ್ಮುತ್ತ ಓಣಿಗೆ ಬಂದರು.

ನಾನು ಚಿಮಣಿಯನ್ನೇ ನೋಡುತ್ತ ನಿಂತೆ. ಮಿಲ್ಲಿನ ಡ್ರೈಯರ್‌ಗಳಲ್ಲಿ ಗಾಳಿ ಎಳೆಯಲು ಬ್ಲೋವರ್ ಫ್ಯಾನ್ ಇರುತ್ತದೆ. ಇದರಲ್ಲಿ ಫ್ಯಾನ್ ಇಲ್ಲ, ಚಿಮಣಿಯ ಎತ್ತರವೇ ಹೊಗೆಯನ್ನು ಎಳೆಯಬೇಕು. ನನ್ನ ಚಿಮಣಿ ಗೇಣುದ್ದವಿತ್ತು. ಫೋಟೋ ತರಿಸಿ ನೋಡಿದೆ. ಫೋಟೋದಲ್ಲಿ ಚಿಮಣಿ ಮುಗಿದಿರಲಿಲ್ಲ, ಫೋಟೋ ಮುಗಿದಿತ್ತು. ಕಾಗದದ ಅಂಚು ಎಲ್ಲಿಗೆ ಬಂದಿತ್ತೋ ಅಲ್ಲಿಗೆ ಸರಿಯಾಗಿ ನಾನು ಪೈಪು ಕತ್ತರಿಸಿದ್ದೆ.

"ಫೋಟೋ ತಗದಾವ ನನ್ನ ಮಾರಿ ನೋಡಿ ತಗದಾನ್ರಿ, ಚಿಮಣಿ ನೋಡಿ ಅಲ್ಲ" ಎಂದರು ರಾಯರು.

ಸಿದ್ದಪ್ಪ ಕಣ್ಣೊರೆಸಿಕೊಳ್ಳುತ್ತ, "ಪೈಪು ಬೇಕಂದ್ರ ನಮ್ಮ ಹೊಲದಾಗ ಬೋರಿಗೆ ಇಳಿಸೋ ಕಬ್ಬಿಣದ ಕೇಸಿಂಗ್ ಪೈಪ್ ಉಳದದ" ಎಂದ. ಈಗ ಅದು ಅವನ ಭಟ್ಟಿಯೂ ಆಗಿತ್ತು. ಪೈಪು ತರಿಸಿ, ಐದು ಅಡಿ ಕತ್ತರಿಸಿ, ಖಾಜಾಸಾಬ್ ಚಿಮಣಿಯ ಮೇಲೆ ವೆಲ್ಡ್ ಮಾಡಿದ. ಮತ್ತೆ ಬೆಂಕಿ ಹಚ್ಚಿದಾಗ ಹೊಗೆ ಒಳಗೆ ಹೋಯಿತು, ಚಿಮಣಿಯಿಂದ ಮೇಲೆದ್ದಿತು. ಮಧ್ಯಾಹ್ನ ಓಣಿಯವರೆಲ್ಲ ಹೊಗೆಯ ವಾಸನೆ ಹತ್ತಿದ ಬದನೆಕಾಯಿಯನ್ನು ಕಿವುಚಿ, ಹಸಿಮೆಣಸಿನಕಾಯಿ ಕಲಸಿ, ಜೋಳದ ರೊಟ್ಟಿಯ ಜೊತೆ ಉಂಡರು. ನಾನು ಮೂರು ರೊಟ್ಟಿ ಉಂಡೆ.

ಭಾನುವಾರ ನಾನು ಹೋಗಲಿಲ್ಲ. ರಾಯರು ಆಮೇಲೆ ಶೆಡ್ಡಿಗೆ ಬಂದು ಹೇಳಿದರು. ನಸುಕಿನಲ್ಲೇ ಕುರಿಯ ತೊಡೆಗಳನ್ನು ಇಟ್ಟರೂ ಮಧ್ಯಾಹ್ನಕ್ಕೆ ಅವು ಬೆಂದಿರಲಿಲ್ಲವಂತೆ. ಹಸಿದ ಗೆಳೆಯರಿಗೆ ಸುಲೋಚನಾಬಾಯಿ ಬದನೆಕಾಯಿ ಬಡಿಸಿದರಂತೆ. ಸಂಜೆ ಮಾಂಸ ಹೊರಬಂದಾಗ ಅದು ಎಲುಬಿನಿಂದ ತಾನಾಗಿ ಕಳಚುತ್ತಿತ್ತಂತೆ. "ಮೂವರೂ ಸುಮ್ನ ತಿಂದ್ರು. ನಗಲಿಲ್ಲ, ಮಾತಾಡಲಿಲ್ಲ. ಅಷ್ಟ ಸಾಕು ನನಗ" ಎಂದು ಹೇಳಿ, ಚಹಾ ಕುಡಿಯದೆ ಎದ್ದು ಹೋದರು.

ಯಂತ್ರವನ್ನು ನೆಲಕ್ಕೆ ಬೋಲ್ಟ್ ಮಾಡಿ ಚಾಲೂ ಮಾಡಿಕೊಟ್ಟರೆ ನಮ್ಮ ಕೆಲಸ ಮುಗಿಯಿತು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಯಂತ್ರ ನೆಲದ ಮೇಲೆ ಕೂರುವ ಮೊದಲು ಸುತ್ತಲಿನ ಜನರ ನಡುವೆ ಕೂರಬೇಕು ಎಂಬುದು ಕಮಲಾಪುರದಲ್ಲಿ ಗೊತ್ತಾಯಿತು. ಅಂದಿನಿಂದ ಯಾವ ಆರ್ಡರ್ ಬಂದರೂ ಅಳತೆ ಕೇಳುವ ಮೊದಲು, ಇದು ಯಾರ ಓಣಿಯಲ್ಲಿ ಹಾದು ಹೋಗುತ್ತದೆ, ಅಕ್ಕಪಕ್ಕ ಯಾರಿದ್ದಾರೆ ಎಂದು ಕೇಳತೊಡಗಿದೆ. ಶೆಡ್ಡಿನಿಂದ ಹೊರಡುವ ಪ್ರತಿ ಯಂತ್ರದ ಮೈಮೇಲೆ ಅದು ಏನೆಂದು ಸೀಮೆಸುಣ್ಣದಿಂದ ದೊಡ್ಡದಾಗಿ ಬರೆಸುವುದನ್ನೂ ರೂಢಿ ಮಾಡಿಕೊಂಡೆ. ಅದನ್ನು ಓದಿದವರು ಕೈ ಮುಗಿಯುವುದಿಲ್ಲ, ದಾರಿ ಬಿಡುತ್ತಾರೆ.