ಚೀನಾ ಪೇಟೆಯ ಹರಕೆ ಕಾಯಿ

ಮೊಮ್ಮಗಳಿಗೆ ಮೂರು ತಿಂಗಳು. ಅವಳು ಆಕಳಿಸಿದರೂ ನನಗೆ ಹಬ್ಬ. ಆದರೆ ಒಂದು ಹರಕೆ ಬಾಕಿ ಇತ್ತು. ಅದು ತೀರದೆ ಮಗುವಿಗೆ ಒಂದು ಸೀನು ಬಂದರೂ ನನ್ನ ಎದೆ ಧಸಕ್ ಅನ್ನುತ್ತಿತ್ತು.

ಹೋದ ವರ್ಷ ಸಿಂಗಪುರದಲ್ಲಿ ಮಗನ ಮನೆಯಲ್ಲಿದ್ದೆ. ಅಲ್ಲಿ ಚೀನಾ ಪೇಟೆಯ ಒಳಗೇ ಮಾರಮ್ಮನ ಗುಡಿ ಇದೆ. ಮ್ಯಾಂಚೆಸ್ಟರಿಂದ ಮಗಳು ಫೋನಿನಲ್ಲಿ, "ಇಲ್ಲೂ ಒಂದು ಚೈನಾಟೌನ್ ಇದೆ ಅಮ್ಮ" ಅಂದಿದ್ದಳು. ನನಗೆ ಅಷ್ಟೇ ಸಾಕಾಯಿತು. "ಅವಳಿಗೊಂದು ಮಗು ಕೊಡು ತಾಯಿ, ಅವಳೂರಿನ ಚೀನಾ ಪೇಟೆಗೇ ಬಂದು ಕಾಯಿ ಒಡೀತೀನಿ" ಅಂತ ಕೈ ಮುಗಿದೆ. ಕೊಟ್ಟಳು. ಮಗಳು ಡಾಕ್ಟರು, ಎಲ್ಲಾ ಔಷಧಿಯಿಂದ ಆಯ್ತು ಅನ್ನುತ್ತಾಳೆ. ಅನ್ನಲಿ, ಪಾಪ.

ಬಾಣಂತನಕ್ಕೆ ಮ್ಯಾಂಚೆಸ್ಟರಿಗೆ ಬಂದವಳು, ಒಂದು ಭಾನುವಾರ ಮಗಳನ್ನು ಹೊರಡಿಸಿದೆ. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಅವಳ ಮನೆಯಿರುವ ವಿದನ್‌ಶಾದಿಂದ ಟ್ರಾಮ್ ಹತ್ತಿದೆವು. ಕೆಂಪು, ಬಂಗಾರದ ಬಣ್ಣದ ದೊಡ್ಡ ಕಮಾನು ಕಂಡಿತು. ಗೋಪುರವೇ ಅಂತ ಚಪ್ಪಲಿ ಬಿಟ್ಟು ಒಳಗೆ ಹೋದರೆ, ಗರ್ಭಗುಡಿ ಇರಬೇಕಾದ ಕಡೆ ಕಾರುಗಳು ನಿಂತಿವೆ.

"ಮಾರಮ್ಮ ಎಲ್ಲೇ?"

"ಚೈನಾಟೌನಲ್ಲಿ ಮಾರಮ್ಮ ಯಾಕಿರ್ತಾಳೆ?"

"ಸಿಂಗಪುರದಲ್ಲಿದ್ದಾಳಲ್ಲ."

"ಅಲ್ಲಿ ನಮ್ಮೋರೂ ಅದೇ ಬೀದೀಲಿದ್ರು. ಇಲ್ಲಿ ನಾವು ನಿನ್ನೆ ಮೊನ್ನೆ ಬಂದೋರು. ಚಪ್ಪಲಿ ಹಾಕ್ಕೋ, ಶೀತ ಆಗತ್ತೆ."

ಕಮಾನಿನ ಬುಡದಲ್ಲೇ ಒಡೆಯೋಣ ಅಂತ ಚೀಲದಿಂದ ಕಾಯಿ ತೆಗೆದು ಎತ್ತಿದೆ.

"ಅಮ್ಮ, ಕಾಯಿ ಇಳಿಸು. ಫೈನ್ ಹಾಕ್ತಾರೆ."

"ನೀನು ಕಟ್ಟು. ಮಗು ನಿಂದು."

ಎದುರಿನ ದಿನಸಿ ಅಂಗಡಿಯ ಬಾಗಿಲಲ್ಲಿ ನನ್ನ ವಯಸ್ಸಿನ ಚೀನಾದ ಹೆಂಗಸೊಬ್ಬರು ನಿಂತು ನಮ್ಮ ಜಗಳ ನೋಡುತ್ತಿದ್ದರು. ಕೈ ಬೀಸಿ ಕರೆದರು. ಅವರ ಹೊಸಿಲ ಪಕ್ಕ ನೆಲದ ಮೇಲೆ ಒಂದು ಕೆಂಪು ಗೂಡು, ಊದುಬತ್ತಿ, ಮೂರು ಕಿತ್ತಳೆ. ಮಗಳು ಇಂಗ್ಲಿಷಿನಲ್ಲಿ ಕೇಳಿ, ಈ ಜಾಗ ಕಾಯೋ ದೇವರಂತೆ ಅಂದಳು. ನಮ್ಮ ಮಾರಮ್ಮನ ಕೆಲಸವೂ ಅದೇ ತಾನೇ?

"ಇಲ್ಲಿ ಒಡೆದರೆ ಅವರ ದೇವರಿಗೆ ಬೇಜಾರಾಗತ್ತಾ ಕೇಳು."

ಅವರು ನಕ್ಕುಬಿಟ್ಟರು. ಮೊದಲೆಲ್ಲ ಭಾನುವಾರ ಬಂದರೆ ದೂರದೂರದಿಂದ ಸಂಸಾರ ಸಮೇತ ಜನ ಬರುತ್ತಿದ್ದರಂತೆ. ಈಗ ಅವರ ಮಕ್ಕಳೇ ಬೇರೆ ಕಡೆ ಮನೆ ಮಾಡಿದ್ದಾರೆ. ಬೀದಿ ತುಂಬ ಕಾಲೇಜು ಹುಡುಗರು, ಎಲ್ಲರ ಕೈಯಲ್ಲೂ ಸಾಬಕ್ಕಿ ಹಾಕಿದ ಚಹಾ. "ನನ್ನ ದೇವರ ಹತ್ತಿರ ಯಾರೂ ಬರಲ್ಲ, ನೀವು ಬಂದಿದ್ದು ಅವನಿಗೆ ಖುಷಿಯೇ" ಅಂದರಂತೆ.

ಅಗಲವಾದ ಮಚ್ಚು ತಂದು ಕೊಟ್ಟರು. ಅದರ ಬೆನ್ನಿಂದ ಒಂದೇ ಏಟು, ಕಾಯಿ ಎರಡು ಹೋಳು. ಗೂಡಿನ ಮುಂದಿಟ್ಟೆ. ನಮ್ಮೂರ ಪೂಜಾರಿಯ ಹಾಗೇ ಒಂದು ಹೋಳು ತಾವಿಟ್ಟುಕೊಂಡು ಒಂದು ನನಗೆ ಕೊಟ್ಟರು. ಮಗುವಿನ ಪಕ್ಕ ಒಂದು ಕಿತ್ತಳೆ ಇಟ್ಟರು. ಮಗು ನಕ್ಕಿತು. ಮೂರು ತಿಂಗಳಿಗೆ ಮಕ್ಕಳು ಹಾಗೇ ಯಾರನ್ನು ನೋಡಿದರೂ ನಗುತ್ತವೆ ಅಂದಳು ಮಗಳು. ಅನ್ನಲಿ.

ಟ್ರಾಮಿನಲ್ಲಿ, "ಹರಕೆ ತೀರಿತಲ್ಲ, ಇನ್ನು ನೆಮ್ಮದಿಯಾಗಿರು" ಅಂದಳು.

ಹೂಂ ಅಂದೆ. ಆ ಗೂಡಿನ ಮುಂದೆ ನಾನು ಸುಮ್ಮನೆ ಕೈ ಮುಗಿದಿರಲಿಲ್ಲ. ಮೊಮ್ಮಗಳಿಗೊಬ್ಬ ತಮ್ಮನೋ ತಂಗಿಯೋ ಬೇಕು ಅಂತ ಕೇಳಿಕೊಂಡು ಬಂದಿದ್ದೇನೆ. ಬರ್ಮಿಂಗ್‌ಹ್ಯಾಮಿನಲ್ಲೂ ಒಂದು ಚೀನಾ ಪೇಟೆ ಇದೆಯಂತೆ, ಈ ಸಲದ ಹರಕೆ ಕಾಯಿ ಅಲ್ಲಿ. ಅಲ್ಲಿ ಯಾವ ದೇವರಿದೆಯೋ, ಇನ್ನೂ ವಿಚಾರಿಸಿಲ್ಲ.