ಕೋಣೆಗೊಂದು ಗಾಳಿ

ಹೊಸ ಫ್ಯಾನು ಮೊದಲ ಸಲ ತಿರುಗುವಾಗ ಅದರ ಹೊಟ್ಟೆಯೊಳಗಿಂದ ಬೆಚ್ಚಗಿನ ವಾರ್ನಿಶ್ ವಾಸನೆಯೊಂದು ಬರುತ್ತದೆ. ನೀವೂ ಗಮನಿಸಿರಬಹುದು, ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ. ಮೊನ್ನೆ ಹೈದರಾಬಾದಿನ ಮಣಿಕೊಂಡದ ನಮ್ಮ ಹೊಸ ಫ್ಲ್ಯಾಟಿನಲ್ಲಿ ಎಲೆಕ್ಟ್ರಿಷಿಯನ್ ಸ್ವಿಚ್ ಹಾಕಿದಾಗ ಆ ವಾಸನೆ ಬಂತು. ನಾನು ಏಣಿಯ ಪಕ್ಕದಲ್ಲಿ ನಿಂತಲ್ಲಿಂದಲೇ ಕುಷಾಯಿಗೂಡದ ಹಳೆಯ ಮನೆಗೆ ಹೋಗಿಬಿಟ್ಟೆ.

ಮದುವೆಯಾಗಿ ನಾನು ಬಂದದ್ದು ಆ ಮನೆಗೆ. ಮಾವ ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್. ಅವರೂ ಅತ್ತೆಯೂ ಕಲಬುರಗಿ ಕಡೆಯವರು, ನಾನು ಮಂಡ್ಯದವಳು. ಅತ್ತೆಯ ಕನ್ನಡ ಕೇಳಿ, ಮೊದಮೊದಲು ನನ್ನನ್ನು ಬೈಯುತ್ತಿದ್ದಾರೆಂದೇ ತಿಳಿದಿದ್ದೆ. "ಉಣ್ಣಾಕ ಬಾ" ಎಂದರೂ ಬೆಚ್ಚುತ್ತಿದ್ದೆ. ಇನ್ನು ಫ್ಯಾನಿನ ವಿಷಯದಲ್ಲಿ ನನ್ನ ಜ್ಞಾನ ಇಷ್ಟೇ: ಒಂದರಲ್ಲಿಟ್ಟರೆ ಕಡಿಮೆ ಗಾಳಿ, ಐದರಲ್ಲಿಟ್ಟರೆ ಹೆಚ್ಚು. ಹೈದರಾಬಾದಿನ ಮೇ ತಿಂಗಳು ಅದನ್ನೂ ಸುಳ್ಳು ಮಾಡಿತು. ಮಹಡಿಯ ನಮ್ಮ ಪುಟ್ಟ ಕೋಣೆಯ ತಾರಸಿ ಹಗಲೆಲ್ಲ ಕಾಯುತ್ತಿತ್ತು. ಅದಕ್ಕೆ ಅಂಟಿಕೊಂಡಂತಿದ್ದ ದೊಡ್ಡ ಫ್ಯಾನು ಆ ಕಾವನ್ನೆಲ್ಲ ಎಳೆದೆಳೆದು ನನ್ನ ಮೇಲೆ ಸುರಿಯುತ್ತಿತ್ತು. ಜೊತೆಗೆ ಕಟಕಟ ಸದ್ದು.

ಆ ಬೇಸಿಗೆಯಲ್ಲೇ ನನಗೆ ಗರ್ಭಪಾತವಾಯಿತು. ಆಸ್ಪತ್ರೆಯಿಂದ ಬಂದು ಅದೇ ಕೋಣೆಯಲ್ಲಿ ಮಲಗಿದೆ. ಅತ್ತೆ ಸಮಾಧಾನದ ಮಾತು ಆಡುವವರಲ್ಲ. ಗಂಜಿ ತಂದಿಡುವರು, ಒಮ್ಮೆ ತಲೆಯೆತ್ತಿ ಫ್ಯಾನು ನೋಡುವರು, ಇಳಿದುಹೋಗುವರು. "ಬಂದ್ಬಿಡು ಮಗಳೇ" ಎಂದು ಅಮ್ಮ ಫೋನಿನಲ್ಲಿ ಕರೆಯುತ್ತಿದ್ದಳು. ನಾನು ಹೊರಡುವವಳೇ ಇದ್ದೆ. ಹೋದರೆ ಮರಳಿ ಬರುವ ಮನಸ್ಸಿರಲಿಲ್ಲ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಒಂದು ಬೆಳಿಗ್ಗೆ ಅತ್ತೆ ಬಂದು ಮಂಚದ ತುದಿಯಲ್ಲಿ ಕೂತರು. "ಈ ಸಪ್ಪಳದಾಗ ನಿದ್ದಿ ಹ್ಯಾಂಗ ಬರಬೇಕವ್ವಾ? ಏಳು, ಬ್ಯಾರೆ ಪಂಖಾ ತರೋಣು."

ಕೆಳಗೆ ಮಾವ ತಡೆದರು. "ಎಲ್ಲಾ ಖೋಲಿಗೂ ಒಂದ ನಮೂನಿ ತಂದು ಹಾಕೀನಲ್ಲ? ಚಲೋ ಕಂಪನಿದು."

"ಖೋಲಿ ಎಲ್ಲಾ ಒಂದ ನಮೂನಿ ಅದಾವೇನ್ರಿ?" ಎಂದರು ಅತ್ತೆ. ಗಂಡನಿಗೆ ಅವರು ಎದುರು ಪ್ರಶ್ನೆ ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾವ ಪೇಪರಿನ ಹಿಂದೆ ಮರೆಯಾದರು. ಆ ಪೇಪರಿನದೂ ಒಂದು ಕಥೆ. ಹಜಾರದ ಫ್ಯಾನು ಜೋರಾಗಿಟ್ಟರೆ ಅದು ಹಾರುತ್ತಿತ್ತು, ಮೆಲ್ಲಗಿಟ್ಟರೆ ಬಂದ ನೆಂಟರು ಬೆವರುತ್ತಿದ್ದರು. ಮಾವ ನೆಂಟರನ್ನೇ ಬೆವರಲು ಬಿಟ್ಟಿದ್ದರು.

ಬಸ್ಸು ಹಿಡಿದು ಅಂಗಡಿಗೆ ಹೋದೆವು. ಅಂಗಡಿಯವನು ಚಿನ್ನದ ಗೆರೆಯವು, ಹೂವಿನ ಚಿತ್ರದವು ಎಲ್ಲವನ್ನೂ ತೋರಿಸಿದ. ಅತ್ತೆ ಬಣ್ಣ ನೋಡಲೇ ಇಲ್ಲ. ಒಂದೊಂದನ್ನೇ ಹಾಕಿಸಿ, ಕೆಳಗೆ ಕಣ್ಣು ಮುಚ್ಚಿ ನಿಂತು ಕಿವಿಗೊಟ್ಟರು. ಕೊನೆಗೆ ಗಿಡ್ಡ ರೆಕ್ಕೆಯ ಸಾದಾ ಬಿಳಿ ಫ್ಯಾನಿನ ಕೆಳಗೆ ಕಣ್ಣು ತೆರೆದರು. "ಇದು ಮಾತಾಡಂಗಿಲ್ಲ. ನಿನ್ನ ಖೋಲಿಗೆ ಇದ ಇರಲಿ." ಚಿಕ್ಕ ಕೋಣೆಗೆ ಅಷ್ಟು ಸಾಕು, ತಾರಸಿಯಿಂದ ಒಂದು ಗೇಣು ಕೆಳಗೆ ತೂಗುಹಾಕಿ ಎಂದ ಅಂಗಡಿಯವನು.

ಆಗ ನನಗೆ ಏನನ್ನಿಸಿತೋ, "ಅಡುಗೆಮನೆಗೆ, ಅತ್ತೆ?" ಎಂದೆ. ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಎರಡು ಕೈಯೂ ಹಿಟ್ಟಾಗಿ, ಅವರು ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಳ್ಳುವುದನ್ನು ದಿನವೂ ನೋಡುತ್ತಿದ್ದೆ.

"ಹುಚ್ಚಿ, ಒಲಿ ಆರತೈತಿ" ಎಂದು ಅತ್ತೆ ನಕ್ಕರು. "ಕಿಚನ್ ಮೇ ಪಂಖಾ ಕಾಯ್ಕು ಅಮ್ಮಾ?" ಅಡುಗೆಮನೆಗೆ ಯಾಕಮ್ಮ ಫ್ಯಾನು ಎಂದು ಅಂಗಡಿಯವನೂ ನಕ್ಕ. ನಾನು ಬಿಡಲಿಲ್ಲ. ಒಲೆಯ ಮೇಲಲ್ಲ, ಬಾಗಿಲ ಬಳಿ, ಅವರು ಸೊಪ್ಪು ಬಿಡಿಸಲು ಕೂರುವ ಕಡೆ ಎಂದೆ. ಆ ಮನೆ ಸೇರಿದ ಮೇಲೆ ನಾನು ಹಿಡಿದ ಮೊದಲ ಹಟ ಅದು.

ಎರಡೂ ಫ್ಯಾನು ಕೂರಿಸಿದ ಮರುದಿನವೇ ಗಾಳಿಗೆ ಒಲೆಯ ಉರಿ ಓರೆಯಾಯಿತು. ರೊಟ್ಟಿ ಒಂದು ಕಡೆ ಸುಟ್ಟು ಒಂದು ಕಡೆ ಹಸಿಯಾಗಿಯೇ ಉಳಿಯಿತು. ಮಾವ ಅದನ್ನು ತಿರುಗಿಸಿ ನೋಡಿ, "ಅರ್ಧ ಕಲಬುರಗಿದು, ಅರ್ಧ ಮಂಡ್ಯಾದ್ದು" ಎಂದರು. ಅಂದಿನಿಂದ ಒಲೆ ಆರಿಸಿದ ಮೇಲಷ್ಟೇ ಫ್ಯಾನು ಹಾಕುತ್ತಿದ್ದೆವು. ಮಧ್ಯಾಹ್ನ ಅತ್ತೆ ಅಲ್ಲೇ ಚಾಪೆ ಹಾಸಿ ಕಾಲು ಚಾಚುವರು, ಪಕ್ಕದಲ್ಲಿ ನಾನು. ಹಾಗೆ ಮಲಗಿದ್ದಾಗಲೇ ಒಂದು ದಿನ ಛಾವಣಿ ನೋಡುತ್ತ ಹೇಳಿದರು: "ನನಗೂ ಒಂದು ಹಿಂಗ ಹೋಗೇತಿ. ನಿನ್ನ ಗಂಡನಕಿಂತ ಮೊದಲ. ಯಾರ ಮುಂದೂ ಅತ್ತಿಲ್ಲ." ಅಂದು ಇಬ್ಬರೂ ಅತ್ತೆವು. ಮಂಡ್ಯಕ್ಕೆ ಹೋದದ್ದು ದಸರೆಗೆ. ಹಬ್ಬ ಮುಗಿದದ್ದೇ ಮರಳಿದೆ.

ಈಗ ಮಾವ ಇಲ್ಲ. ಅತ್ತೆ ನಮ್ಮೊಡನೆಯೇ ಇದ್ದಾರೆ, ಬೇಸಿಗೆಯಲ್ಲೂ ಶಾಲು ಹೊದೆಯುತ್ತಾರೆ. ಮೊನ್ನೆ ಎಲೆಕ್ಟ್ರಿಷಿಯನ್ ಹೋದ ಮೇಲೆ ಅವರ ಬಳಿ ಹೋಗಿ ಕೂತೆ. ಮನೆಯವರಿಗೆ ಕೃತಜ್ಞತೆ ಹೇಳುವ ರೂಢಿ ನಮ್ಮಲ್ಲಿಲ್ಲ. ಆದರೂ ತಡವರಿಸುತ್ತ ಹೇಳಿದೆ: "ಅತ್ತೆ, ಅವತ್ತು ನೀವು ನನ್ನ ಎಬ್ಬಿಸಿ ಅಂಗಡಿಗೆ ಕರ್ಕೊಂಡು ಹೋಗ್ದೆ ಇದ್ದಿದ್ರೆ ನಾನು ಈ ಮನೇಲಿ ಇರ್ತಿರಲಿಲ್ಲ."

ಅವರು ನನ್ನನ್ನೇ ಅಚ್ಚರಿಯಿಂದ ನೋಡಿದರು. "ನಾ ಎಲ್ಲಿ ಕರಕೊಂಡು ಹೋದೆ? ನೀ ಕರಕೊಂಡು ಹೋದಿ. ನಿಮ್ಮ ಮಾವನ್ನ ಬಿಟ್ಟು ಬಸ್ ಹತ್ತಿದಾಕೀನ ಅಲ್ಲ ನಾ. ನೀ ಸಂಗಾಟ ಅದಿ ಅಂತ ಧೈರ್ಯ ಬಂತು."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವರು ನನ್ನ ಕೈ ಬಿಟ್ಟಿರಲಿಲ್ಲ. ನನಗೆ ಆಸರೆಯಾಗಲೆಂದು ಹಿಡಿದಿದ್ದಾರೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.