ತೋಳಿನ ಹರಕು

ಆ ಚೀಟಿಯ ಮಾತು ಬಂದರೆ ಭೀಮಸೇನನಿಗೆ ಇವತ್ತಿಗೂ ಮೈ ಉರಿಯುತ್ತದೆ. ಹೇಳುವುದನ್ನು ಬಾಯಲ್ಲಿ ಹೇಳಬಹುದಿತ್ತು. ಕೋಟು ತಂದುಕೊಟ್ಟ ನಾಟಕದವನಿಗೆ ಬಾಯಿತ್ತು, ಇವನಿಗೆ ಕಿವಿಯಿತ್ತು. ಅದು ಬಿಟ್ಟು ಕಾಲರಿನ ಒಳಗೆ ಬೆರಳಗಲದ ಕಾಗದ ಕಟ್ಟಿ, ಅದರ ಮೇಲೆ ಇರುವೆ ಸಾಲಿನಂತೆ ಜಪಾನಿಯಲ್ಲಿ ಏನೋ ಗೀಚಿ ಹೋದರೆ, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಮೈಸೂರಿನ ದರ್ಜಿಗೆ ಏನು ತಿಳಿಯಬೇಕು?

ಹೆಂಡತಿ ಜಲಜಾಳನ್ನು ಕಂಪನಿಯವರು ಟೋಕಿಯೋಗೆ ಹಾಕಿದಾಗ ಅವನೂ ಕತ್ತರಿಯನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಬಂದಿದ್ದ. ಎರಡು ವರ್ಷ ಅದು ಸೂಟ್‌ಕೇಸಿನಿಂದ ಆಚೆ ಬರಲಿಲ್ಲ. ಬೆಳಿಗ್ಗೆ ಅನ್ನಕ್ಕಿಡುವುದು, ಮಗಳು ಶರ್ವಾಣಿಯನ್ನು ಬಸ್ಸಿಗೆ ಬಿಡುವುದು, ಬಾಲ್ಕನಿಯಲ್ಲಿ ನಿಂತು ರೈಲು ಎಣಿಸುವುದು. ಎಡೋಗಾವಾ ಬಡಾವಣೆಯ ಕನ್ನಡದವರ ಕೂಟಗಳಲ್ಲಿ ಯಾರಾದರೂ "ನೀವೇನ್ ಮಾಡ್ತಿದೀರಾ ಸಾರ್?" ಅಂದರೆ ತಟ್ಟೆ ಹಿಡಿದುಕೊಂಡು ಎದ್ದು ಹೋಗುತ್ತಿದ್ದ. ಕೊನೆಗೆ ಅಲ್ಲೇ ಫುನಾಬೊರಿಯಲ್ಲಿ ನಾಟಕದ ಬಟ್ಟೆ ಹೊಲಿಯುವ ಒಕಾದಾ-ಸಾನ್ ಎಂಬ ಎಪ್ಪತ್ತರ ಹೆಂಗಸು, ಅವನು ಪರೀಕ್ಷೆಗೆಂದು ಒಂದು ಕಾಲರು ಕೂರಿಸಿದ್ದನ್ನು ನೋಡಿ, ತಮ್ಮ ಅಂಗಡಿಯ ಕಿಟಕಿಯ ಪಕ್ಕದ ಮೇಜು ತೋರಿಸಿದರು. ಆ ಮೇಜು ಹೋದರೆ ಮತ್ತೆ ಬಾಲ್ಕನಿಯೇ ಗತಿ ಎಂಬುದು ಅವನಿಗೆ ಗೊತ್ತಿತ್ತು.

ಆ ಸಲ ನಾಟಕದವರಿಂದ ಬಂದದ್ದು ಹನ್ನೆರಡು ಹುಡುಗಿಯರ ಸಮವಸ್ತ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಸರ್ಕಾರ ಹದಿನೆಂಟರ ಹುಡುಗಿಯರನ್ನು ಹೊಲದ ಚಾಕರಿಗೆ ಕಳಿಸುತ್ತಿತ್ತಂತೆ. ದುಡಿಯುವುದಕ್ಕೆ ನೀಲಿ ಫ್ರಾಕು, ಬಿಳಿ ಏಪ್ರನ್ನು, ತಲೆಗೆ ಕೆಂಪು ವಸ್ತ್ರ. ಸಾಲಾಗಿ ನಿಲ್ಲುವುದಕ್ಕೆ ಮಣ್ಣುಬಣ್ಣದ ಕೋಟು. ಮಾದರಿಗೆಂದು ಅಸಲಿ ಕೋಟೊಂದು ಬಂದಿತ್ತು. ಮೊರಿಯಾಮಾ-ಸಾನ್ ಎಂಬಾಕೆ ನಾಟಕದವರಿಗೆ ಕೊಟ್ಟಿದ್ದು. ಆಕೆಯ ತಾಯಿ ಜರ್ಮನಿಯವಳು, ಈ ಕೋಟು ತೊಟ್ಟವಳು, ಆಮೇಲೆ ಮದುವೆಯಾಗಿ ಜಪಾನಿಗೆ ಬಂದವಳು. ಶುಕ್ರವಾರ ನಾಲ್ಕು ಗಂಟೆಗೆ ಮೊರಿಯಾಮಾ-ಸಾನ್ ಬಂದು ಕೋಟು ವಾಪಸು ಒಯ್ಯುವುದೆಂದು ಮಾತಾಗಿತ್ತು.

ಭೀಮಸೇನ ಕೋಟನ್ನು ಮಗುಚಿ ಮಗುಚಿ ನೋಡಿದ. ಹೊಲಿಗೆ ಗಟ್ಟಿ, ಬಟ್ಟೆ ಒರಟು, ಭುಜ ಹಲಗೆಯಂತೆ. ಹುಡುಗಿಯ ಅಳತೆಗೆ ಕೋಟು ಹೊಲಿದಿರಲಿಲ್ಲ. ಕೋಟಿನ ಅಳತೆಗೆ ಹುಡುಗಿಯನ್ನು ತುರುಕಿದ್ದರು. ಎಡತೋಳಿನಲ್ಲಿ ನಾಲ್ಕು ಬೆರಳಗಲ ಹರಿದಿತ್ತು. ಅಂಚಿನಲ್ಲಿ ಎಳೆಗಳು ಜಡೆಗಟ್ಟಿದ್ದವು.

ಮೈಸೂರಿನ ಶಿವರಾಮಪೇಟೆಯ ಅಂಗಡಿಯಲ್ಲಿ ಸೋದರಮಾವ ಕಲಿಸಿದ್ದೇ ಅದು: ಅಳತೆಗೆ ಬಂದ ಬಟ್ಟೆಯಲ್ಲಿ ಹರಕು ಕಂಡರೆ ಕೇಳಬೇಡ, ಹೊಲಿದು ಇಸ್ತ್ರಿ ಹಾಕಿ ಕೊಡು, ಗಿರಾಕಿ ಮನೆಗೆ ಹೋಗಿ ನೋಡಿಕೊಳ್ಳಲಿ. ಮೂವತ್ತು ವರ್ಷದಲ್ಲಿ ಅವನು ಹಾಗೇ ಎಷ್ಟು ರವಿಕೆ ಕೊಟ್ಟಿದ್ದನೋ! ಜಡೆಗಟ್ಟಿದ ಎಳೆ ಕತ್ತರಿಸಿದ, ಒಳಮಡಿಕೆಯಿಂದ ಅದೇ ಬಣ್ಣದ ದಾರ ಎಳೆದ, ಇಡೀ ಗುರುವಾರ ಕೂತು ಎಳೆಗೆ ಎಳೆ ಹೆಣೆದು ರಫು ಮಾಡಿದ. ಬೆಳಕಿಗೆ ಹಿಡಿದರೂ ಗುರುತು ಸಿಗದಂಥ ಕೆಲಸ.

ಶುಕ್ರವಾರ ಮಧ್ಯಾಹ್ನ ಮಡಿಸುವಾಗ ಆ ಚೀಟಿ ಕೈಗೆ ತಾಗಿತು. ಯಾಕೋ ಮನಸ್ಸು ತಡೆಯದೆ ಫೋಟೋ ತೆಗೆದು ಜಲಜಾಳಿಗೆ ಕಳಿಸಿದ. ಎರಡೇ ನಿಮಿಷಕ್ಕೆ ಅವಳ ಫೋನು.

"ರೀ, ಇದು ಯಾವ್ದರ ಮೇಲಿತ್ತು?"

"ಕೋಟಿನ ಮೇಲೆ. ಯಾಕೆ?"

"ಎಡತೋಳಿನ ಹರಿದ ಭಾಗ ದಯವಿಟ್ಟು ಮುಟ್ಟಬೇಡಿ ಅಂತ ಬರ್ದಿದೆ. ಮುಟ್ಟಿಲ್ಲ ತಾನೆ?"

ಇವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಅಯ್ಯೋ ದೇವ್ರೆ, ಹೊಲ್ದ್‌ಬಿಟ್ರಾ? ಯಾರ್ ಹೇಳಿದ್ರು ನಿಮ್ಗೆ?"

"ಹರ್ದಿತ್ತು, ಹೊಲ್ದೆ! ದರ್ಜಿ ಇನ್ನೇನ್ ಮಾಡ್ತಾನೆ, ಪೂಜೆ ಮಾಡ್ತಾನಾ?"

"ನನ್ನ ಮೇಲ್ ಕೂಗಾಡ್ಬೇಡಿ. ಮೀಟಿಂಗಲ್ಲಿದೀನಿ. ಮೊದ್ಲು ಹೋಗಿ ಒಕಾದಾ-ಸಾನ್‌ಗೆ ಹೇಳಿ."

ಹೇಳಲಿಲ್ಲ. ಗಂಟೆ ಒಂದು. ಹಾಕಿದ್ದನ್ನು ಬಿಚ್ಚಿದರಾಯಿತು, ಮೂರು ಗಂಟೆ ಇದೆಯಲ್ಲ ಅಂದುಕೊಂಡ. ಸೂಜಿಯ ಮೊಂಡುಕಡೆಯಿಂದ ಒಂದೊಂದೇ ಎಳೆ ಎತ್ತತೊಡಗಿದ. ತಾನು ಸೇರಿಸಿದ ಎಳೆ ಯಾವುದು, ಎಂಬತ್ತು ವರ್ಷದಿಂದ ಅಲ್ಲೇ ಇದ್ದ ಎಳೆ ಯಾವುದು, ಅವನಿಗೇ ಗೊತ್ತಾಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಬೆಸೆದಿದ್ದ. ಹಣೆಯ ಬೆವರು ಬಟ್ಟೆಯ ಮೇಲೆ ಬೀಳದಿರಲೆಂದು ಟವೆಲ್ಲು ಕಟ್ಟಿಕೊಂಡ. ಮೂರೂವರೆಗೆ ತೂತು ತೆರೆದುಕೊಂಡಿತು. ಕತ್ತರಿಯಾಡಿದ ಅಂಚು ಕಿಟಕಿ ಚೌಕಟ್ಟಿನಂತೆ ನುಣ್ಣಗಿತ್ತು. ಹರಿದದ್ದು ಎಂದು ಯಾವ ಕುರುಡನೂ ಹೇಳುತ್ತಿರಲಿಲ್ಲ. ಕತ್ತರಿಸಿದ ಎಳೆಗಳು ಬೆಳಿಗ್ಗೆಯೇ ಕಸದ ಲಾರಿ ಹತ್ತಿ ಹೋಗಿದ್ದವು.

ಬೆನ್ನ ಹಿಂದೆ ಒಕಾದಾ-ಸಾನ್ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಕೋಟನ್ನು ಎತ್ತಿಕೊಂಡು, ಅಂಚಿನ ಮೇಲೆ ಹೆಬ್ಬೆರಳಾಡಿಸಿ, "ನೀವು ಒಳಗೆ ಹೋಗಿ, ಇಸ್ತ್ರಿ ನೋಡಿಕೊಳ್ಳಿ," ಎಂದರು. ಕೇಳಿ ತಿಳಿಯುವಷ್ಟು ಜಪಾನಿ ಅವನಿಗೆ ಬರುತ್ತಿತ್ತು, ಆಡುವುದಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ.

ಅವನು ಹೋಗಲಿಲ್ಲ. ಬಾಗಿಲ ಪಕ್ಕ ನಿಂತ.

ನಾಲ್ಕಕ್ಕೆ ಸರಿಯಾಗಿ ಮೊರಿಯಾಮಾ-ಸಾನ್ ಬಂದರು. ಕೋಟು ಕೈಗೆ ಬಂದೊಡನೆ ಅವರ ಬೆರಳು ನೇರ ಎಡತೋಳಿಗೆ ಹೋಯಿತು, ಅಲ್ಲೇ ನಿಂತಿತು.

"ಇಲ್ಲಿ ಸರ್ಕಾರದ ಬಿಲ್ಲೆ ಇತ್ತು," ಎಂದರು ಮೆಲ್ಲಗೆ. "ಯುದ್ಧ ಇನ್ನೂ ಮುಗಿದಿರಲಿಲ್ಲ. ಅಮ್ಮ ಅದನ್ನು ಹಲ್ಲಿನಲ್ಲಿ ಕಚ್ಚಿ ಬಟ್ಟೆ ಸಮೇತ ಕಿತ್ತಿದ್ದಳು. ಈ ಕೋಟಿನೊಳಗಿದ್ದು ತಾನಾಗಿ ಮಾಡಿದ್ದು ಅದೊಂದೇ ಅನ್ನುತ್ತಿದ್ದಳು. ಯಾರು ಕತ್ತರಿಸಿದ್ದು?"

ಒಕಾದಾ-ಸಾನ್ ಮಂಡಿಯೂರಿದರು. ಮಂಡಿನೋವಿಗೆ ಎರಡು ವರ್ಷದಿಂದ ಕುರ್ಚಿ ಬಿಟ್ಟು ಕೆಳಗೆ ಕೂರದ ಹೆಂಗಸು. ಎರಡೂ ಕೈ ನೆಲಕ್ಕೂರಿ ಹಣೆ ತಾಗಿಸಿ, "ನಾನು. ನನ್ನ ಕೈಯಿಂದ ಆಯಿತು," ಎಂದರು.

ಭೀಮಸೇನನ ಗಂಟಲಿಗೆ ಮಾತು ಬಂತು. ಕಿಟಕಿಯ ಪಕ್ಕದ ಮೇಜು ಕಣ್ಣಿಗೆ ಬಿತ್ತು. ಮಾತು ಅಲ್ಲೇ ನಿಂತಿತು.

ಮೊರಿಯಾಮಾ-ಸಾನ್ ಕೋಟನ್ನು ಮಗುವಿನಂತೆ ತೋಳ ಮೇಲೆ ಹಾಕಿಕೊಂಡು, ಬಗ್ಗಿ ವಂದಿಸಿ, ಹೊರಟುಹೋದರು. ಒಕಾದಾ-ಸಾನ್‌ಗೆ ನೆಲದಿಂದ ಏಳಲಾಗಲಿಲ್ಲ. ಅವನೇ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಅವರು ಅವನಿಗೇ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು.

ಮಾರನೆಯ ದಿನ ಬೈಗುಳಕ್ಕೆ ಸಿದ್ಧನಾಗಿ ಹೋದ. ಒಕಾದಾ-ಸಾನ್ ಬೈಯಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಹನ್ನೆರಡು ಕೋಟು ಮುಗಿದವು, ನಾಟಕವೂ ಆಯಿತು. ಒಂದು ಸಲ ಬೈದಿದ್ದರೆ ತಿರುಗಿ ಕೂಗಾಡಿ, ಆ ಬಿಸಿಯಲ್ಲೇ ಎಲ್ಲ ಕಕ್ಕಿಬಿಡುತ್ತಿದ್ದ. ಸಿಟ್ಟಿಲ್ಲದೆ ತಪ್ಪೊಪ್ಪಿಕೊಂಡು ಅವನಿಗೆ ಅಭ್ಯಾಸವೇ ಇರಲಿಲ್ಲ. ಶರ್ವಾಣಿಯಿಂದ ಜಪಾನಿಯಲ್ಲಿ ಎರಡು ವಾಕ್ಯ ಹೇಳಿಸಿಕೊಂಡು ಬಾಯಿಪಾಠ ಮಾಡಿದ. "ಅಪ್ಪಾ, ಟೂ ಫಾಸ್ಟ್! ಸ್ಲೋ ಆಗಿ ಹೇಳು," ಎಂದು ಅವಳು ನಕ್ಕಳು. ಯಾರಿಗೆ ಎಂದು ಕೇಳಲಿಲ್ಲ.

ಮಾರ್ಚಿನಲ್ಲಿ ಮಂಡಿ ಪೂರ್ತಿ ಕೈಕೊಟ್ಟು ಒಕಾದಾ-ಸಾನ್ ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟು ಸೆಂದಾಯಿ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟರು. ಭೀಮಸೇನನ ಮೇಜು ಅವನದೇ ಆಗಿ ಉಳಿಯಬೇಕೆಂದು ಹೇಳಿಯೂ ಹೋದರು. ಅವರ ಹಳೆಯ ಹೊಲಿಗೆ ಯಂತ್ರವನ್ನು ಅವನೇ ಹೊತ್ತು ವ್ಯಾನಿಗಿಟ್ಟ, ಹಗ್ಗ ಬಿಗಿದ, ಗಂಟು ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಬಿಗಿದ. ಅವರು ಮುಂದಿನ ಸೀಟಿನಲ್ಲಿ ಕೂತು ಗಾಜು ಇಳಿಸಿ ಕಾದರು, ಇವನು ಏನೋ ಹೇಳುತ್ತಾನೆಂದು ತಿಳಿದವರಂತೆ. ಬಾಯಿಪಾಠ ಮಾಡಿದ್ದ ಎರಡು ವಾಕ್ಯವೂ ನಾಲಿಗೆಯ ಮೇಲಿತ್ತು.

"ಅರಿಗಾತೋ," ಎಂದ, ಬರೀ ಧನ್ಯವಾದ. ವ್ಯಾನು ಹೊರಟಿತು.